ಬೀಗ ಹಾಕಬಹುದಾದ ಬಾಗಿಲು

ಕಾಲರಿನ ಬಿಸಿ ಯಾವತ್ತೋ ಆರಿರಬೇಕಿತ್ತು. ಅಕ್ಕ ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಮಾಡಿಕೊಟ್ಟ ಅಂಗಿ, ಈಗ ಹನ್ನೊಂದೂವರೆ. ನಡುವೆ ಎರಡು ಬಸ್ಸು, ಎರಡು ಅಂತಸ್ತಿನ ಮೆಟ್ಟಿಲು, ಆಮೇಲೆ ಅಹವಾಲು ಸಭೆಗೆ ಕರೆಯುವ ತನಕ ಕಾಯಬೇಕಾದ ನಗರಸಭೆಯ ಈ ತಣ್ಣಗಿನ ಕಾರಿಡಾರು. ಆದರೂ ಕುತ್ತಿಗೆಯ ಹಿಂದೆ ಯಾರೋ ಬೆಚ್ಚಗಿನ ಅಂಗೈ ಇಟ್ಟು ಮುಂದಕ್ಕೆ ತಳ್ಳುತ್ತಿರುವ ಹಾಗೆ ಅನ್ನಿಸುತ್ತಲೇ ಇತ್ತು. ಬಿಸಿ ಇರುವಾಗಲೇ ಹಾಕ್ಕೊಂಡ್ರೆ ಮೈಗೆ ಕೂರುತ್ತೆ ಅಂದಿದ್ದಳು ಅಕ್ಕ. ಎದೆಯ ಮೇಲೆ ಬಿಲ್ಲೆ ತೂಗುತ್ತಿತ್ತು. ಅದರಲ್ಲಿ 'ಪಾಲುದಾರ' ಎಂದು ಅಚ್ಚಾಗಿತ್ತು. ಇಪ್ಪತ್ತೆರಡು ವರ್ಷ ಬೀಗ ರಿಪೇರಿ ಮಾಡಿದವನನ್ನು ಈ ಊರಿನಲ್ಲಿ ಯಾರೂ ಯಾವುದಕ್ಕೂ ಪಾಲುದಾರನೆಂದು ಕರೆದಿರಲಿಲ್ಲ. ಇವತ್ತು ಕರೆದಿದ್ದರು, ಸಂಜೆ ಐದಕ್ಕೆ ಬಿಲ್ಲೆ ವಾಪಸು ಕೊಡಬೇಕು ಎಂಬ ಷರತ್ತಿನ ಮೇಲೆ. ಕೆಳಗೆ ಗೇಟಿನಲ್ಲಿ ಸೆಕ್ಯೂರಿಟಿಯವನು ಅವನ ಸೊಂಟದ ಬಳೆಯನ್ನು, ಅದರಲ್ಲಿ ನೇತಾಡುತ್ತಿದ್ದ ಎಂಬತ್ತಕ್ಕೂ ಮಿಕ್ಕಿದ ಬೀಗದಕೈಗಳ ಸಮೇತ, ಬಿಚ್ಚಿಸಿಕೊಂಡಿದ್ದ. "ಇಷ್ಟೊಂದು ಕೀ ಯಾಕ್ರೀ? ಊರೆಲ್ಲ ನಿಮ್ದೇನಾ?" ಎಂದು ಕೇಳಿ, ಸುತ್ತಲಿದ್ದವರು ನಗುವ ತನಕ ಕಾದು, ಅವರು ನಕ್ಕ ಮೇಲೆ ಟೋಕನ್ನು ಕೊಟ್ಟಿದ್ದ. ಆ ಭಾರವಿಲ್ಲದೆ ಸೊಂಟದ ಒಂದು ಪಕ್ಕ ಹಗುರಾಗಿ, ನಡೆಯುವಾಗಲೆಲ್ಲ ಪ್ಯಾಂಟು ಜಾರುತ್ತಿದೆಯೇನೋ ಎಂದು ಅವನು ಎರಡೆರಡು ಸಲ ಮುಟ್ಟಿ ನೋಡಿಕೊಂಡ. ಸೊಂಟ ಮುಟ್ಟಿ ನೋಡಿಕೊಂಡವನಿಗೆ ಜೇಬು ಮುಟ್ಟಿ ನೋಡಿಕೊಳ್ಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಬೀಗದವನು ಸಣ್ಣ ವ್ಯಾಪಾರಿಗಳ ಸಂಘಕ್ಕೆ ಕಾರ್ಯದರ್ಶಿಯಾದದ್ದು ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ. ಬೀಗದಕೈಯ ತಲೆಯ ಮೇಲೆ ಸೂಜಿಯಷ್ಟು ಸಣ್ಣದಾಗಿ ನಂಬರು ಕೆತ್ತುವವನಿಗೆ ಮನವಿ ಪತ್ರ ಬರೆಯುವುದು ಯಾವ ಮಹಾ ಕೆಲಸ ಎಂದು ಅಧ್ಯಕ್ಷರು ಘೋಷಿಸಿದ್ದರು. ಅಧ್ಯಕ್ಷರದು ಪೇಂಟಿನ ಅಂಗಡಿ. ನಾಲ್ಕು ಶಟರು, ಹಿಂದೆ ಗೋದಾಮು, ಎದುರಿಗೆ ಲಾರಿ ನಿಲ್ಲಿಸಲು ಜಾಗ. ಸಭೆಗಳಲ್ಲಿ ಅವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು 'ನಮ್ಮಂಥ ಸಣ್ಣವರು' ಎಂದು ಮಾತು ಶುರುಮಾಡುವಾಗ ಧ್ವನಿ ಎಷ್ಟು ತೆಳ್ಳಗಾಗುತ್ತಿತ್ತೆಂದರೆ, ಕಣ್ಣು ಮುಚ್ಚಿ ಕೇಳಿದರೆ ಫುಟ್‌ಪಾತಿನಲ್ಲಿ ಗುಂಡುಸೂಜಿ ಮಾರುವವನೇ ಅನ್ನಬೇಕು. ಬೀದಿಯನ್ನು ಅಂದಗೊಳಿಸುತ್ತೇವೆ ಎಂದು ನಗರಸಭೆ ಹೊರಟ ದಿನದಿಂದ ಎರಡು ವರ್ಷ ಸಂಘದವರು ಮನವಿಗಳನ್ನು ಬರೆದಿದ್ದರು. ಸಣ್ಣ ವ್ಯಾಪಾರಕ್ಕೆ ರಕ್ಷಣೆ ಕೊಡುವ ನೀತಿ ಬೇಕು, ಇದ್ದ ಜಾಗದಿಂದ ಹತ್ತು ವರ್ಷ ಯಾರೂ ಕದಲಿಸಬಾರದು. ಬರೆದು ಬರೆದು ಕೊನೆಗೆ, ಯಾರೂ ನಿರೀಕ್ಷಿಸದ ಅನಾಹುತವೊಂದು ನಡೆದುಹೋಯಿತು: ನಗರಸಭೆ ಒಪ್ಪಿಕೊಂಡಿತು. ಕರಡು ತಯಾರಾಯಿತು. ಅದರ ಪ್ರಕಾರ ಬೀದಿಯಲ್ಲಿ ಇರುವುದೆಲ್ಲ ಇನ್ನು ಎರಡೇ ಬಗೆ. ಒಂದು ಮಳಿಗೆ, ಅದಕ್ಕೆ ರಕ್ಷಣೆ. ಇನ್ನೊಂದು ಅಡಚಣೆ, ಅದನ್ನು ತೆಗೆಯುವುದು. ಹಾಗಾದರೆ ಸಣ್ಣ ವ್ಯಾಪಾರದ ಮಳಿಗೆ ಎಂದರೆ ಏನು ಎಂದು ಕರಡು ಬರೆಯುತ್ತಿದ್ದ ನಗರಸಭೆಯ ಮೇಡಂ ಕೇಳಿದರು. ಒಂದೇ ವಾಕ್ಯದಲ್ಲಿ ನೀವೇ ಬರೆದುಕೊಡಿ, ನಾವು ಬರೆದರೆ ಆಮೇಲೆ ಬೈಯುತ್ತೀರಿ ಅಂದರು.

ಆ ವಾಕ್ಯಕ್ಕಾಗಿ ಸಭೆ ಸೇರಿದ್ದು ಕಟಿಂಗ್ ಅಂಗಡಿಯಲ್ಲಿ, ರಜೆಯ ದಿನ. ಎದುರಿಗೊಂದು ಹಿಂದಕ್ಕೊಂದು ಕನ್ನಡಿ; ಹತ್ತೇ ಜನ ಸೇರಿದ್ದರೂ ಸಾವಿರ ಜನರ ಚಳವಳಿಯಂತೆ ಕಾಣುತ್ತಿತ್ತು. ಮೂರು ಕುರ್ಚಿಗಿಂತ ಹೆಚ್ಚಿದ್ದರೆ ಅದು ಸಣ್ಣ ವ್ಯಾಪಾರವಲ್ಲ ಎಂದ ಕಟಿಂಗಿನವನು. ಅವನ ಬಳಿ ಇದ್ದದ್ದು ಮೂರು ಕುರ್ಚಿ. ಮುದುಕ ಬೈಂಡಿಂಗಿನವರು ಗೋಂದು ಒಣಗಿದ ಬೆರಳುಗಳನ್ನು ಚಾಚಿ, ಮಾಲೀಕನ ಕೈ ಕೊಳೆಯಾಗಿದ್ದರೆ ಸಣ್ಣ ವ್ಯಾಪಾರ, ಅಷ್ಟೇ ಬರೀರಪ್ಪ ಅಂದರು. ಕೊಳೆಯನ್ನು ಅಳೆಯುವವರು ಯಾರು ಎಂದು ಅಧ್ಯಕ್ಷರು ಆಕ್ಷೇಪಿಸಿದರು. ಅಷ್ಟರಲ್ಲಿ ಬೀಗದವನ ತಲೆಯಲ್ಲಿ ಅದು ಎಲ್ಲಿಂದಲೋ ಬಂದು ಕಟಕ್ಕನೆ ಕೂತಿತು, ಹೊಸ ಬೀಗದಕೈ ಮೊದಲ ಸಲಕ್ಕೇ ತಿರುಗಿದ ಹಾಗೆ: ದಿನದ ಕೊನೆಗೆ ಮಾಲೀಕ ತನ್ನ ಕೈಯಿಂದಲೇ ಬೀಗ ಹಾಕಬಹುದಾದ ಬಾಗಿಲಿರುವುದೇ ಸಣ್ಣ ವ್ಯಾಪಾರದ ಮಳಿಗೆ. ಹೇಳಿ ಮುಗಿಸಿದ್ದೇ ಕಟಿಂಗಿನವನು ಚಪ್ಪಾಳೆ ಹೊಡೆದ. ಅಧ್ಯಕ್ಷರು ಮನಸ್ಸಿನಲ್ಲೇ ತಮ್ಮ ನಾಲ್ಕು ಶಟರುಗಳಿಗೆ ತಮ್ಮ ಕೈಯಾರೆ ಬೀಗ ಹಾಕಿ ನೋಡಿ, ನಾಲ್ಕೂ ಬಿದ್ದವೆಂದು ಖಾತ್ರಿಯಾದ ಮೇಲೆ, ಅದ್ಭುತ ಅಂದರು. ಮಾಲ್‌ಗಳಿಗೆ ಬೀಗ ಹಾಕುವವರು ನೌಕರರು, ಮಾಲೀಕರಲ್ಲ. ಹಾಗಾಗಿ ದೊಡ್ಡವರು ತಾವಾಗಿಯೇ ಹೊರಗುಳಿಯುತ್ತಾರೆ ಎಂದು ಬೀಗದವನು ವಿವರಿಸಿದ. ಹಾಗೆ ವಿವರಿಸುತ್ತಿರುವಾಗ ಎದುರಿನ ಕನ್ನಡಿಯಲ್ಲಿ ತನ್ನದೇ ಮುಖ ಕಂಡಿತು. ಆ ಮುಖ 'ಬಾಗಿಲು' ಎಂಬ ಮಾತಿಗೆ ಬಂದಾಗ ಒಂದು ಕ್ಷಣ ತಡವರಿಸಿತು. ಅದು ಅವನಿಗೆ ಚೆನ್ನಾಗಿ ನೆನಪಿದೆ. ಇನ್ನೂ ಯಾರು ಯಾರು ಹೊರಗುಳಿಯುತ್ತಾರೆ ಎಂದು ಆ ಮುಖಕ್ಕೆ ಗೊತ್ತಿತ್ತು.

ಅಕ್ಕನಿಗೆ ಬಾಗಿಲಿರಲಿಲ್ಲ. ಬೀಗದ ಅಂಗಡಿಯ ಪಕ್ಕದಲ್ಲೇ ಮೆಟ್ಟಿಲು, ಮೆಟ್ಟಿಲ ಮೇಲೆ ಹಲ್ಲಿನ ಡಾಕ್ಟರು, ಮೆಟ್ಟಿಲ ಕೆಳಗಿನ ಓರೆ ಜಾಗದಲ್ಲಿ ಅಕ್ಕನ ಇಸ್ತ್ರಿ ಮೇಜು. ಬೀದಿಯಲ್ಲಿ ಹೋಗುವವರಿಗೆ ಅಕ್ಕನ ಪೂರ್ತಿ ಮೈ ಕಾಣುತ್ತಿತ್ತು, ಅಕ್ಕನಿಗೆ ಬೀದಿ ಪೂರ್ತಿ ಕಾಣುತ್ತಿತ್ತು. ಹಲ್ಲು ಕೀಳಿಸಿಕೊಳ್ಳಲು ಹೋಗುವವರು ಬಟ್ಟೆ ಕೊಟ್ಟು ಹೋಗಿ, ಬಾಯಿ ಮರಗಟ್ಟಿಸಿಕೊಂಡು ಇಳಿದು ಬಂದು, ಏನೋ ಗೊಣಗಿ ಕೈ ಚಾಚಿದರೆ ಅಕ್ಕ ಸರಿಯಾದ ಗಂಟನ್ನೇ ಕೊಡುತ್ತಿದ್ದಳು. ಅಂಗಡಿ ಅಪ್ಪನದು. ಅಪ್ಪನೂ ಬೀಗದವನೇ. ಅಪ್ಪ ಹೋದ ಮೇಲೆ ಬಾಗಿಲಿನ ಒಳಗಿನದು ತಮ್ಮನಿಗೆ, ಹೊರಗಿನದು ಅಕ್ಕನಿಗೆ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳದ ಹಾಗೆ ಅದು ಆಗಿಹೋಗಿತ್ತು. ಇಸ್ತ್ರಿ ಪೆಟ್ಟಿಗೆಗೆ ಕರೆಂಟು ಬೇಕೆಂದಾಗ ಬೀಗದವನು ಅಂಗಡಿಯ ಗೋಡೆಗೆ ತೂತು ಕೊರೆದು ವೈರು ಎಳೆದುಕೊಟ್ಟಿದ್ದ. ನನ್ನ ಗೋಡೆಗೇ ತೂತು ಕೊರೆದಿದ್ದೀನಿ ಎಂದು ಬೀದಿಯಲ್ಲಿ ಎಷ್ಟು ಜನಕ್ಕೆ ಹೇಳಿದ್ದನೋ. ಇಷ್ಟಾದರೂ ಬೀದಿ ಅವನನ್ನು ಕರೆಯುತ್ತಿದ್ದದ್ದು ಕಾರ್ಯದರ್ಶಿ ಎಂದಲ್ಲ, ಬೀಗದವನು ಎಂದೂ ಅಲ್ಲ, 'ಇಸ್ತ್ರಿ ಅಕ್ಕನ ತಮ್ಮ' ಎಂದು. ಬೀಗದಕೈ ಕಳೆದುಕೊಂಡವರು ಕೂಡ ಮೊದಲು ಅಕ್ಕನ ಹತ್ತಿರ ಹೋಗಿ, ನಿಮ್ಮ ತಮ್ಮ ಒಳಗಿದ್ದಾನಾ ಎಂದು ಕೇಳುತ್ತಿದ್ದರು. ಒಳಗೇ ಇರುತ್ತಿದ್ದ. ಅವರು ಕೇಳುವುದು ಕೇಳಿಸುತ್ತಿತ್ತು.

ವಾಕ್ಯ ನಗರಸಭೆಗೆ ತಲುಪಿದ ಮೂರನೆಯ ದಿನ ಒಂದು ಹೆಂಗಸು ಬೆಡ್‌ಶೀಟುಗಳನ್ನು ತಂದು, ಎಷ್ಟೊತ್ತಿಗೆ ಬಾಗಿಲು ಹಾಕ್ತೀರಿ ಎಂದು ಅಕ್ಕನನ್ನು ಕೇಳಿದಳು. ಅಕ್ಕ ನಕ್ಕಳು. "ಬಾಗಿಲು ಎಲ್ಲಿದೆಯಮ್ಮ ನನಗೆ. ನಾನು ಎದ್ದು ಹೋದ್ರೆ ಬಂದ್, ಬಂದು ನಿಂತ್ರೆ ಓಪನ್." ಒಳಗೆ ಮಿಷನ್ನಿಗೆ ಕೊಟ್ಟಿದ್ದ ಬೀಗದಕೈಯ ಮೂರನೆಯ ಹಲ್ಲು ಬೇಕಾದ್ದಕ್ಕಿಂತ ಆಳಕ್ಕೆ ಕೊರೆದುಹೋಯಿತು. ಅದನ್ನು ಕೆಟ್ಟ ಬೀಗದಕೈಗಳ ಡಬ್ಬಕ್ಕೆ ಎಸೆದು, ಇದು ತನಗೆ ಈಗಷ್ಟೇ ಹೊಳೆದದ್ದು ಎಂದು ಅವನು ತನಗೇ ಹೇಳಿಕೊಂಡ. ಈಗಷ್ಟೇ ಹೊಳೆದದ್ದಾದರೆ ಅದು ತಪ್ಪು. ಮೊದಲೇ ಗೊತ್ತಿದ್ದರೆ ಅದಕ್ಕೆ ಬೇರೆ ಹೆಸರು. ತಿದ್ದಲು ಕಾಲಾವಕಾಶ ಇತ್ತು. ಒಂದು ವಾರ ಇತ್ತು, ಆಮೇಲೆ ಗಡುವು ಮುಂದೆ ಹೋಗಿ ಒಂದು ತಿಂಗಳು ಇತ್ತು, ಆಮೇಲೆ ಇವತ್ತಿನ ಅಹವಾಲು ಸಭೆ ಮಾತ್ರ ಉಳಿಯಿತು. ನಿನ್ನೆ ಮಧ್ಯಾಹ್ನ ಕೊನೆಗೂ ಒಂದು ಚೀಟಿಯ ಮೇಲೆ, ಬಾಗಿಲಿಲ್ಲದಿದ್ದರೂ ಮೂರು ವರ್ಷ ಒಂದೇ ಜಾಗದಲ್ಲಿ ಕೆಲಸ ಮಾಡುತ್ತಿರುವವರನ್ನೂ ಸೇರಿಸಿಕೊಳ್ಳತಕ್ಕದ್ದು ಎಂದು ಬರೆದು, ಅಂಗಿಯ ಜೇಬಿಗೆ ಹಾಕಿಕೊಂಡ. ಸಂಜೆ ಆ ಅಂಗಿಯನ್ನು ಬಿಚ್ಚಿ ಒಗೆಯಲು ಹಾಕಿದ. ಇದ್ದ ಒಳ್ಳೆಯ ಅಂಗಿ ಅದೊಂದೇ.

ಒಳಗೆ ಕರೆದರು. ಹಾಲ್‌ನಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ಸಣ್ಣ ವ್ಯಾಪಾರಿಗಳು ಕೆಡದಂತೆ ಇಡಲು ಏರ್ಪಾಟು ಮಾಡಿದ ಹಾಗಿತ್ತು. ಒಬ್ಬೊಬ್ಬರಿಗೆ ಮೂರು ನಿಮಿಷ, ಆಮೇಲೆ ಗಂಟೆ. ಮೊದಲು ಅಧ್ಯಯನ ಕೇಂದ್ರವೊಂದರ ಪ್ರೊಫೆಸರು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ, ಸಣ್ಣ ವ್ಯಾಪಾರ ನಗರದ ಉಸಿರು ಅಂದರು. ಚಿತ್ರದಲ್ಲಿದ್ದ ಅಂಗಡಿ ಬೇರೆ ಯಾವುದೋ ದೇಶದ್ದು, ಹೂಕುಂಡಗಳಿದ್ದವು. ನಂತರ ಇಪ್ಪತ್ತಾರು ಊರುಗಳಲ್ಲಿ ಅಂಗಡಿಗಳಿರುವ ಕಂಪನಿಯ ಪ್ರತಿನಿಧಿ ಎದ್ದು, ತಮ್ಮದೂ ಒಂದು ಕಾಲಕ್ಕೆ ಸಣ್ಣದೇ ಆಗಿತ್ತು, ಸಣ್ಣವರ ಕಷ್ಟ ತಮಗೆ ಅರ್ಥವಾಗುತ್ತದೆ ಅಂದ. ಅವನ ಎದೆಯ ಮೇಲೂ 'ಪಾಲುದಾರ' ಬಿಲ್ಲೆಯೇ ಇತ್ತು. ಅವನದು ಮಾತ್ರ ಯಾಕೋ ವಾಪಸು ಕೊಡುವಂಥದ್ದರ ಹಾಗೆ ಕಾಣಲಿಲ್ಲ. ಅಧ್ಯಕ್ಷರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೂರು ನಿಮಿಷ ತೆಳ್ಳಗಾದರು. ಆಮೇಲೆ ಅವನ ಸರದಿ.

ವಾಕ್ಯವನ್ನು ಓದಿದ. ಮೈಕಿನಲ್ಲಿ ಅದು ಇನ್ನೂ ಚೆನ್ನಾಗಿ ಕೇಳಿಸಿತು. ಮೇಡಂ ಕನ್ನಡಕ ತೆಗೆದು, ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀರಿ, ನಮ್ಮ ಕಚೇರಿಯಲ್ಲಿ ಇಂಥ ವಾಕ್ಯ ಬರೆಯುವವರು ಒಬ್ಬರೂ ಇಲ್ಲ ಅಂದರು. ಅಕ್ಕಪಕ್ಕದ ಅಧಿಕಾರಿಗಳು ಇಲ್ಲ ಎಂಬುದಕ್ಕೆ ಸಂತೋಷದಿಂದ ತಲೆಯಾಡಿಸಿದರು. ಅವನ ಮೈ ಬೆಚ್ಚಗಾಯಿತು, ಈ ಸಲ ಕಾಲರಿನಿಂದ ಅಲ್ಲ. ಜನ್ಮದಲ್ಲಿ ಯಾರಾದರೂ ಅವನ ಕೆಲಸ ನೋಡಿ ಹೀಗೆ ಹೇಳಿದ್ದು ನೆನಪಿಲ್ಲ. ಬೀಗ ತೆರೆದರೆ ಜನ ಒಳಗೆ ಓಡುತ್ತಾರೆ, ಬೀಗದವನ ಕಡೆ ತಿರುಗಿ ನೋಡುವುದಿಲ್ಲ. ಎಲ್ಲರೂ ತಿರುಗಿ ನೋಡುತ್ತಿದ್ದ ಆ ಹೊತ್ತಿನಲ್ಲೇ ಹೇಳಿಬಿಡಬೇಕೆಂದು ಜೇಬಿಗೆ ಕೈಹಾಕಿದ. ಗಂಜಿ ಹಾಕಿ ತಿಕ್ಕಿದ ಜೇಬು ಹಪ್ಪಳದ ಹಾಗೆ ಅಂಟಿಕೊಂಡಿತ್ತು. ಬೆರಳು ತೂರಿಸಿ ಬಿಡಿಸಿದ. ಒಳಗೆ ಏನೂ ಇರಲಿಲ್ಲ. "ಇನ್ನೊಂದು ಮಾತು ಇತ್ತು ಮೇಡಂ" ಅಂದ. ತಿದ್ದುಪಡಿಯಾ, ಲಿಖಿತವಾಗಿ ಇದೆಯಾ ಎಂದು ಅವರು ಕೇಳಿದರು. "ಇತ್ತು" ಅಂದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಿಮ್ಮ ವಾಕ್ಯಕ್ಕೆ ನೀವೇ ವಿರೋಧವೇ ಎಂದು ಮೇಡಂ ಕೂಡ ನಗುತ್ತಾ ಕೇಳಿದರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ಕಷ್ಟವಾಯಿತು. ಗಂಟೆ ಹೊಡೆಯಿತು. "ಇಲ್ಲ ಮೇಡಂ, ಏನಿಲ್ಲ" ಎಂದು ಕೂತುಬಿಟ್ಟ. ಕೂತ ಮೇಲೆ ಎದೆಯಲ್ಲಿ ಏನೋ ಸಡಿಲವಾಯಿತು. ಚೀಟಿ ಕಳೆದುಹೋಗಿದೆ, ನಾನೇನು ಮಾಡಲಿ. ಆ ನಿರಾಳವನ್ನು ಅವನು ತಕ್ಷಣ ಗುರುತು ಹಿಡಿದ, ಗುರುತು ಹಿಡಿದು ನಾಚಿಕೊಂಡ, ನಾಚಿಕೊಂಡದ್ದಕ್ಕಾಗಿ ತಾನು ಒಳ್ಳೆಯವನೇ ಇರಬೇಕು ಎಂದೂ ಒಂದು ಗಳಿಗೆ ಅಂದುಕೊಂಡ. ಅಷ್ಟರಲ್ಲಿ ಬಿಸ್ಕತ್ತು ಬಂತು. ತೆಗೆದುಕೊಂಡ.

ವಾಪಸು ಬಂದಾಗ ಅಕ್ಕ ಯಾರದೋ ಪ್ಯಾಂಟಿನ ಗೆರೆ ಕೂರಿಸುತ್ತಿದ್ದಳು. ತಲೆಯೆತ್ತದೆ, "ಏನಾಯ್ತು?" ಅಂದಳು. ಒಪ್ಪಿದರು ಎಂದ. ವಾಕ್ಯವನ್ನು ಹೊಗಳಿದರು ಎಂದ. ಮುಂದಿನ ವಾರ ಸರ್ವೆಯವರು ಬಂದು ಬಾಗಿಲುಗಳ ಮೇಲೆ ನಂಬರು ಬರೆಯುತ್ತಾರೆ ಎಂದ. ಬಾಗಿಲು ಎಂಬ ಮಾತು ಬಾಯಿಂದ ಹೊರಬಿದ್ದ ಮೇಲೆ ಅದನ್ನು ನುಂಗಲಾಗಲಿಲ್ಲ. ಅಕ್ಕ ಪೆಟ್ಟಿಗೆಯನ್ನು ನಿಲ್ಲಿಸಿ, ಮೇಜಿನ ಕೆಳಗಿನಿಂದ ಡಬ್ಬವನ್ನು ಎಳೆದಳು. ಗಿರಾಕಿಗಳ ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ ಅವಳು ಅದರಲ್ಲೇ ಇಡುವುದು: ಬಸ್ ಟಿಕೆಟ್ಟು, ಮಾತ್ರೆ ಪಟ್ಟಿ, ಒಮ್ಮೆ ಒಂದು ಪ್ರೇಮಪತ್ರ. ಜೇಬು ಖಾಲಿ ಮಾಡದೆ ಅವಳು ಯಾವತ್ತೂ ಯಾರ ಅಂಗಿಯ ಮೇಲೂ ಪೆಟ್ಟಿಗೆ ಇಟ್ಟವಳಲ್ಲ. ಅದು ಬೀದಿಗೆಲ್ಲ ಗೊತ್ತು, ತಮ್ಮನಿಗೂ ಗೊತ್ತು. ಒಗೆದ ನೀರಿಗೆ ಅಕ್ಷರ ಹರಡಿ, ಮಡಿಕೆಯಲ್ಲೇ ಒಣಗಿದ್ದ ಚೀಟಿ ಅದರಲ್ಲಿತ್ತು.

"ಹೋಗುವಾಗ ಜೇಬು ಮುಟ್ಟಿ ನೋಡ್ಕೋತೀಯ ಅಂತ ಕಾದೆ. ಬೀದಿ ತಿರುವಿನ ತನಕ ನೋಡ್ತಾನೇ ಇದ್ದೆ" ಅಂದಳು.

"ಕೊಡಬಹುದಿತ್ತಲ್ಲ ಅಕ್ಕ. ಕೊಟ್ಟಿದ್ರೆ ಓದ್ತಿದ್ದೆ. ಮರ್ತೇಬಿಟ್ಟಿದ್ದೆ."

"ನನ್ನ ವಿಷಯ ಹೇಳೋಕೆ ನಿಂಗೆ ಚೀಟಿ ಬೇಕಾ?"

ಇದಕ್ಕೆ ಅವನು ಏನೋ ಹೇಳಿದ. ನಿಯಮ, ಲಿಖಿತ, ಗಂಟೆ ಎಂದೆಲ್ಲ. ಅಕ್ಕ ಪ್ಯಾಂಟನ್ನು ಮಡಿಸಿದಳು. ಕಟಿಂಗಿನವನು ಎರಡು ತಿಂಗಳ ಹಿಂದೆಯೇ ಆ ವಾಕ್ಯವನ್ನು ಮೆಟ್ಟಿಲ ಕೆಳಗೆ ನಿಂತು ರಾಗವಾಗಿ ಹೇಳಿ, ನಿನ್ನ ತಮ್ಮ ಏನು ತಲೆ ಅಕ್ಕಾ ಎಂದು ಮೆಚ್ಚಿಕೊಂಡು ಹೋಗಿದ್ದನಂತೆ. ಎರಡು ತಿಂಗಳು ಅವಳು ದಿನವೂ ಅವನ ಬಟ್ಟೆಗಳಿಗೆ ಇಸ್ತ್ರಿ ಹಾಕಿದ್ದಳು. ಬೀಗದವನು ಆ ಬಟ್ಟೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡ. ಒಂದರ ಮೇಲೂ ಸುಟ್ಟ ಕಲೆ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವನು ಬಂದಾಗ ಅಕ್ಕ ಮೇಜಿನ ಒಂದು ತುದಿಯನ್ನು ಅಂಗಡಿಯ ಬಾಗಿಲಿಗೆ ತಾಗಿಸಿ ನಿಂತಿದ್ದಳು. ಆ ಕಡೆ ಹಿಡಿ ಅಂದಳು. ಜಗಳ ಆಗಲಿಲ್ಲ, ಆಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳ ಲೆಕ್ಕಾಚಾರ ಸರಳವಾಗಿತ್ತು. "ನನ್ನ ಹತ್ರ ಇರೋದು ಊರವರ ಬಟ್ಟೆ, ಅದಕ್ಕೆ ಬಾಗಿಲು ಬೇಕು. ನಿನ್ನ ಹತ್ರ ಇರೋದು ಬೀಗ. ಬೀಗಕ್ಕೆ ಯಾರು ಬೀಗ ಹಾಕ್ತಾರೆ?" ಅಂಗಡಿ ಅಪ್ಪನದು ಎಂದು ಅವಳು ಹೇಳಲಿಲ್ಲ. ಅವನು ಅದನ್ನೇ ಕಾಯುತ್ತಿದ್ದ, ಅದಕ್ಕೆ ಉತ್ತರ ತಯಾರಿತ್ತು. ಮೇಜು ತೆರೆದ ಬಾಗಿಲಿನ ಸಂದಿಗಿಂತ ಎರಡು ಬೆರಳು ಅಗಲವಾಗಿದ್ದು ಒಳಗೆ ಹೋಗಲಿಲ್ಲ. ಓರೆ ಮಾಡಿದರೂ ಹೋಗಲಿಲ್ಲ. ಅವನಿಗೆ ಜೀವ ಬಂದಂತಾಯಿತು. ಮುಖದಲ್ಲಿ ಅದು ಕಾಣದಿರಲೆಂದು ಬಗ್ಗಿ ಮೇಜಿನ ಕಾಲನ್ನು ನೋಡಿದ. ಅಕ್ಕ ಸ್ಕ್ರೂಡ್ರೈವರನ್ನು ಅವನ ಕೈಗಿಟ್ಟಳು. "ಬಾಗಿಲು ಬಿಚ್ಚು. ನಿಂಗೆ ಬರುತ್ತಲ್ಲ." ಬರುತ್ತಿತ್ತು. ಮೂರು ಕೀಲು, ಹನ್ನೆರಡು ಸ್ಕ್ರೂ. ಬಾಗಿಲನ್ನು ಇಳಿಸಿ ಗೋಡೆಗೆ ಒರಗಿಸಿದ, ಮೇಜು ಒಳಗೆ ಹೋಯಿತು, ಮತ್ತೆ ಬಾಗಿಲನ್ನು ಕೂರಿಸಿದ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಮನೆಗಳಿಗೆ ಜನರನ್ನು ಹೀಗೆ ಒಳಗೆ ಬಿಟ್ಟಿದ್ದಾನೆ, ತಾನು ಹೊರಗೆ ನಿಂತು. ಮೇಜು ಕೂತ ಮೇಲೆ ಒಳಗೆ ಇನ್ನೊಬ್ಬರಿಗೆ ಜಾಗ ಉಳಿಯಲಿಲ್ಲ. ಮಿಷನ್ನು, ಸ್ಟೂಲು, ಕೆಟ್ಟ ಬೀಗದಕೈಗಳ ಡಬ್ಬ ಮೆಟ್ಟಿಲ ಕೆಳಗೆ ಬಂದವು. ಗೋಡೆಯ ತೂತು ಇದ್ದಲ್ಲೇ ಇತ್ತು. ವೈರು ಈಗಲೂ ಒಳಗಿನಿಂದ ಹೊರಗೆ ಬರುತ್ತಿತ್ತು, ಅದರ ತುದಿಯಲ್ಲಿ ಮಾತ್ರ ಅವನು ಕೂತಿದ್ದ. ಕರೆಂಟು ಬೇಕಾದ್ರೆ ಕೂಗು, ಸ್ವಿಚ್ ಹಾಕ್ತೀನಿ ಅಂದಳು ಅಕ್ಕ ಒಳಗಿನಿಂದ. ಹಲ್ಲಿನ ಡಾಕ್ಟರ ಹತ್ತಿರ ಹೋಗುವವರು ಅವನನ್ನು ದಾಟುವಾಗ ಕಾಲು ಮಡಚಿಕೊಳ್ಳಪ್ಪ ಎನ್ನುತ್ತಿದ್ದರು.

ಸರ್ವೆಯವನು ಬಂದದ್ದು ಶುಕ್ರವಾರ, ಒಂದು ಕೈಯಲ್ಲಿ ಹಳದಿ ಪೇಂಟಿನ ಡಬ್ಬ, ಇನ್ನೊಂದರಲ್ಲಿ ಬ್ರಷ್ಷು, ಕಂಕುಳಲ್ಲಿ ರಿಜಿಸ್ಟರು. ಊರಿಗೆಲ್ಲ ನಂಬರು ಬರೆಯುವ ಪೇಂಟು ಅಧ್ಯಕ್ಷರ ಅಂಗಡಿಯದೇ ಎಂದು ಡಬ್ಬದ ಮೇಲಿನ ಚೀಟಿ ಹೇಳುತ್ತಿತ್ತು. ಸಣ್ಣವರಿಗೆ ಉತ್ತೇಜನ ಶುರುವಾಗಿತ್ತು. ಮಾಲೀಕರು ಯಾರು ಎಂದ ಸರ್ವೆಯವನು. ನಾನೇ ಎಂದಳು ಅಕ್ಕ. ನಿಮ್ಮ ಕೈಯಿಂದ ಬೀಗ ಹಾಕಿ ತೋರಿಸಬೇಕು, ಹಾಗಂತ ನೀತಿಯಲ್ಲೇ ಇದೆ ಎಂದ. ಅಕ್ಕ ಹೊರಗೆ ಬಂದು, ಬಾಗಿಲೆಳೆದು, ಹಿಂದಿನ ದಿನ ತಮ್ಮ ಹೊಸದಾಗಿ ಕೊರೆದುಕೊಟ್ಟಿದ್ದ ಬೀಗದಕೈಯನ್ನು ಸೊಂಟದಿಂದ ತೆಗೆದು ತಿರುಗಿಸಿದಳು. ಒಂದೇ ಸಲಕ್ಕೆ ಬಿತ್ತು. ಅಷ್ಟು ಚೆನ್ನಾಗಿ ಅವನು ಇತ್ತೀಚೆಗೆ ಯಾವುದನ್ನೂ ಕೊರೆದಿರಲಿಲ್ಲ. ಸರ್ವೆಯವನು ಬಾಗಿಲಿನ ಮೇಲೆ ನಂಬರು ಬರೆದು, ಹಿಂದೆ ಸರಿದು ನೋಡಿ, ಆಮೇಲೆ ಮೆಟ್ಟಿಲ ಕೆಳಗೆ ಬಗ್ಗಿದ. ಇದೇನು ಎಂದು ಕೇಳಿದ, ಯಾರು ಎಂದಲ್ಲ. ಬೀಗದವನು ಎದ್ದು ನಿಂತ, ಓರೆ ಮೆಟ್ಟಿಲಿಗೆ ತಲೆ ಬಡಿಯಿತು. ತಾನು ಕಾರ್ಯದರ್ಶಿ ಎಂದು, ಈ ನೀತಿಯ ಮುಖ್ಯ ವಾಕ್ಯ ತನ್ನದೇ ಎಂದು ಹೇಳಲು ಬಾಯಿ ತೆರೆದ. ರಿಜಿಸ್ಟರಿನಲ್ಲಿ ಎರಡೇ ಅಂಕಣಗಳಿದ್ದವು. ಬಾಗಿಲು ಎಲ್ಲಿದೆ ಎಂದು ಸರ್ವೆಯವನು ಸೌಜನ್ಯದಿಂದಲೇ ಕೇಳಿದ. ಬೀಗದವನು ಅಕ್ಕನ ಮುಖ ನೋಡಿದ. ಒಂದು ಮಾತು ಹೇಳುತ್ತಾಳೇನೋ ಎಂದು, ಹೇಳಲು ಅವಳಿಗೆ ಚೀಟಿ ಬೇಕಿಲ್ಲವಲ್ಲ ಎಂದು.

ಅಕ್ಕ ಹೇಳಿದಳು. "ಅವನು ನನ್ನ ತಮ್ಮ. ಕೈಗೆಲ್ಲ ಪೇಂಟಾಗಿದೆ ನಿಮ್ಗೆ, ರಿಜಿಸ್ಟರ್ ಅವನಿಗೆ ಕೊಡಿ, ಅವನೇ ಬರೀತಾನೆ. ಅಕ್ಷರ ಚೆನ್ನಾಗಿದೆ." ಆಮೇಲೆ ತಮ್ಮನ ಕಡೆ ತಿರುಗಿ, "ತೆಗೆಯೋಕೆ ಬಂದಾಗ ಒಂದು ಮನವಿ ಕೊಡು. ಎರಡು ವರ್ಷ ಹಿಡಿಯುತ್ತೆ, ಅಷ್ಟೇ ತಾನೆ?" ಎಂದು ಬೀಗ ತೆಗೆದು ಒಳಗೆ ಹೋದಳು. ಪೆಟ್ಟಿಗೆ ಕಾದಿತ್ತು.

ಸರ್ವೆಯವನು ಪೆನ್ನು ಕೊಟ್ಟ. ಬೀಗದವನು ರಿಜಿಸ್ಟರನ್ನು ಮಿಷನ್ನಿನ ಮೇಲೆ ಇಟ್ಟುಕೊಂಡು, ಎರಡನೆಯ ಅಂಕಣದಲ್ಲಿ, ಗೆರೆ ತಪ್ಪದಂತೆ, ಬೀಗದಕೈಯ ತಲೆಯ ಮೇಲೆ ಕೆತ್ತುವಷ್ಟೇ ಜಾಗ್ರತೆಯಿಂದ ಬರೆದ: ಅಡಚಣೆ, ಒಂದು. ಸರ್ವೆಯವನು ಬಗ್ಗಿ ಓದಿ, ತಲೆದೂಗಿ, ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀರಿ ಎಂದ.